ಒಂದು ಬಡಿತ ಮೊರೆತವಾಗುವ ಬಗೆ: ಸ್ಪೆಕ್ಟ್ರಲ್ ತಂತ್ರಾಂಶದಿಂದ ಹಿನ್ನೆಲೆಯ ಸದ್ದು

ಕಿರುಚಿತ್ರದ ಒಂದು ದೃಶ್ಯದಲ್ಲಿ ಖಾಲಿ ಕಾರಿಡಾರ್ ಇದೆ. ಮಾತಿಲ್ಲ, ಹಾಡಿಲ್ಲ, ಓಡಾಡುವವರೂ ಇಲ್ಲ. ಆದರೂ ನೋಡುತ್ತಿರುವವರಿಗೆ ಒಳಗೊಳಗೇ ಅಳುಕು ಶುರುವಾಗುತ್ತದೆ. ಕಿವಿಗೊಟ್ಟರೆ ಕಾರಣ ತಿಳಿಯುತ್ತದೆ: ಹಿನ್ನೆಲೆಯಲ್ಲಿ ಸಣ್ಣಗೆ ಒಂದು ಮೊರೆತವಿದೆ. ಅದು ಯಾವಾಗ ಆರಂಭವಾಯಿತು, ಯಾವ ವಸ್ತುವಿನಿಂದ ಹೊರಟಿತು ಎಂದು ಹೇಳಲು ಬರುವುದಿಲ್ಲ. ಚಿತ್ರರಂಗದಲ್ಲಿ ಇಂಥ ಹಿನ್ನೆಲೆಯ ಸದ್ದನ್ನು ಆಂಬಿಯೆನ್ಸ್ ಎನ್ನುತ್ತಾರೆ.

ಹಿಂದೆ ಇದು ದೊಡ್ಡ ಸ್ಟುಡಿಯೋಗಳಲ್ಲಿ ಕುಳಿತವರ ಕೆಲಸವಾಗಿತ್ತು. ಈಗ ಮನೆಯಲ್ಲೇ ಕಿರುಚಿತ್ರ, ಪಾಡ್‌ಕಾಸ್ಟ್, ಆಡಿಯೋ ಕಥೆ, ಮೊಬೈಲ್ ಗೇಮ್ ಮಾಡುವವರಿಗೂ ಅದು ಬೇಕಾಗಿದೆ, ಅದನ್ನು ಮಾಡುವ ತಂತ್ರಾಂಶವೂ ಉಚಿತವಾಗಿ ಸಿಗುತ್ತಿದೆ. ತೊಡಕಿರುವುದು ಬೇರೆ ಕಡೆ. ತಂತ್ರಾಂಶವನ್ನು ತೆರೆದ ಕೂಡಲೇ ‘ಎಫ್‌ಎಫ್‌ಟಿ’, ‘ವಿಂಡೋ’, ‘ಫೇಸ್’ ಎಂಬ ಪದಗಳು ಎದುರಾಗುತ್ತವೆ. ಹೊಸಬರು ಗುಂಡಿಗಳನ್ನು ಅಂದಾಜಿನ ಮೇಲೆ ತಿರುಗಿಸುತ್ತಾರೆ, ಒಮ್ಮೆ ಚೆನ್ನಾಗಿ ಬಂದದ್ದು ಇನ್ನೊಮ್ಮೆ ಬರುವುದಿಲ್ಲ. ಈ ಪದಗಳ ಹಿಂದಿರುವುದು ಒಂದೇ ವಿಚಾರ: ಒಂದು ಸದ್ದಿನಲ್ಲಿ ‘ಏನಿದೆ’ ಎಂಬುದನ್ನು ಅದು ‘ಯಾವಾಗ ಆಯಿತು’ ಎಂಬುದರಿಂದ ಬಿಡಿಸಿ ಇಡಬಹುದು. ಹಿನ್ನೆಲೆಯ ಮೊರೆತ ಹುಟ್ಟುವುದು ಎರಡನೆಯದನ್ನು ಅಳಿಸಿದಾಗ.

ಕಂಪ್ಯೂಟರ್‌ನೊಳಗಿನ ಸದ್ದು

ಸದ್ದು ಎಂದರೆ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಏರಿಳಿಯುತ್ತದೆ ಎಂಬುದೇ ಅದರ ಆವರ್ತನ, ಅದನ್ನು ಅಳೆಯುವುದು ಹರ್ಟ್ಸ್‌ಗಳಲ್ಲಿ. ಎಳೆಯ ವಯಸ್ಸಿನ, ಆರೋಗ್ಯವಂತ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ಆವರ್ತನ ಹೆಚ್ಚಿದಂತೆ ಶ್ರುತಿ ಏರುತ್ತದೆ, ದುಪ್ಪಟ್ಟಾದರೆ ಒಂದು ಸ್ಥಾಯಿ ಮೇಲೆ ಹೋಗುತ್ತದೆ.

ಕಂಪ್ಯೂಟರ್ ಈ ಏರಿಳಿತವನ್ನು ಬಿಡಿ ಬಿಡಿ ಅಳತೆಗಳಾಗಿ ಬರೆದಿಟ್ಟುಕೊಳ್ಳುತ್ತದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳು, ವಿಡಿಯೋ ಕೆಲಸದಲ್ಲಿ ಸಾಮಾನ್ಯವಾಗಿ 48,000. ಎಡಿಟಿಂಗ್ ತಂತ್ರಾಂಶದಲ್ಲಿ ಕಾಣುವ ಹಲ್ಲುಹಲ್ಲಿನ ಅಲೆಯ ಚಿತ್ರ ಇದೇ. ಸದ್ದು ಎಲ್ಲಿ ಜೋರಾಗಿದೆ, ಎಲ್ಲಿ ಮೆತ್ತಗಿದೆ ಎಂದು ಅದು ತೋರಿಸುತ್ತದೆ. ಆದರೆ ಒಳಗೆ ಯಾವ ಯಾವ ಆವರ್ತನಗಳು ಸೇರಿವೆ ಎಂಬುದು ಅದರಲ್ಲಿ ಕಾಣುವುದಿಲ್ಲ, ಎಲ್ಲವೂ ಕೂಡಿ ಒಂದೇ ಗೆರೆಯಾಗಿಬಿಟ್ಟಿರುತ್ತದೆ.

ಕೂಡಿದ್ದನ್ನು ಬಿಡಿಸುವುದು

ಬಿಡಿಸುವ ಗಣಿತ ಕೊಟ್ಟವರು ಫ್ರಾನ್ಸಿನ ಜೋಸೆಫ್ ಫೂರಿಯೇ. ಅವರ ಆಸಕ್ತಿ ಇದ್ದದ್ದು ಸದ್ದಿನಲ್ಲಲ್ಲ, ಶಾಖದಲ್ಲಿ. ಲೋಹದಲ್ಲಿ ಬಿಸಿ ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕುತ್ತಾ, ಎಷ್ಟೇ ಗೋಜಲಾದ ಏರಿಳಿತವನ್ನಾದರೂ ಸರಳ ಅಲೆಗಳ ಮೊತ್ತವಾಗಿ ಬರೆಯಬಹುದು ಎಂಬಲ್ಲಿಗೆ ಬಂದರು. ಆ ವಿಚಾರ 1822ರಲ್ಲಿ ಪುಸ್ತಕವಾಯಿತು.

ಸೂತ್ರವಿದ್ದರೂ ಲೆಕ್ಕ ಭಾರವಾಗಿತ್ತು. 4,096 ಅಳತೆಗಳ ಒಂದು ತುಣುಕನ್ನು ನೇರ ವಿಧಾನದಲ್ಲಿ ಬಿಡಿಸಲು ಸುಮಾರು ಒಂದು ಕೋಟಿ ಅರವತ್ತೆಂಟು ಲಕ್ಷ ಗುಣಾಕಾರಗಳು ಬೇಕು. 1965ರಲ್ಲಿ ಜೇಮ್ಸ್ ಕೂಲಿ ಮತ್ತು ಜಾನ್ ಟ್ಯೂಕಿ ಪ್ರಕಟಿಸಿದ ವಿಧಾನದಲ್ಲಿ ಇದೇ ಕೆಲಸ ಐವತ್ತು ಸಾವಿರದ ಆಸುಪಾಸಿನ ಲೆಕ್ಕಗಳಲ್ಲಿ ಮುಗಿಯುತ್ತದೆ. ಇದೇ ಫಾಸ್ಟ್ ಫೂರಿಯೇ ಟ್ರಾನ್ಸ್‌ಫಾರ್ಮ್, ತಂತ್ರಾಂಶದ ಮೆನುವಿನಲ್ಲಿ ಕಾಣುವ ಎಫ್‌ಎಫ್‌ಟಿ. ಮೊಬೈಲ್ ಕೂಡ ಈ ಕೆಲಸವನ್ನು ಕಣ್ಣೆದುರಿಗೇ ಮಾಡಿ ತೋರಿಸುತ್ತದೆ ಎಂದರೆ ಈ ಉಳಿತಾಯವೇ ಕಾರಣ.

ಬಿಡಿಸಿದ್ದನ್ನು ಚಿತ್ರವಾಗಿ ತೋರಿಸಿದರೆ ಅದು ಸ್ಪೆಕ್ಟ್ರೋಗ್ರಾಮ್. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಆವರ್ತನ, ಹೊಳಪು ಹೆಚ್ಚಿದಷ್ಟೂ ಆ ಆವರ್ತನದ ಬಲ ಹೆಚ್ಚು. ಇದನ್ನು ಓದುವುದು ಕಷ್ಟವಲ್ಲ. ಮೈಕ್ ಮುಂದೆ ‘ಆ’ ಎಂದು ಎಳೆದು ಹೇಳಿದರೆ ಒಂದರ ಮೇಲೊಂದು ಸಮಾನ ಅಂತರದಲ್ಲಿ ಅಡ್ಡಗೆರೆಗಳು ಮೂಡುತ್ತವೆ. ಕೊರಳಿನ ಮೂಲ ಆವರ್ತನ 200 ಹರ್ಟ್ಸ್ ಇದ್ದರೆ ಗೆರೆಗಳು 200, 400, 600, 800 ಹೀಗೆ ಮೇಲೇರುತ್ತವೆ. ‘ಸ್’ ಎಂದು ಎಳೆದರೆ ಗೆರೆಗಳಿಲ್ಲ, ಮೇಲ್ಭಾಗದಲ್ಲಿ ಹರಡಿದ ಧೂಳಿನಂಥ ಹೊಳಪು. ‘ಶ್’ ಎಂದರೆ ಆ ಹೊಳಪು ಇನ್ನಷ್ಟು ಕೆಳಗಿನಿಂದಲೇ ಆರಂಭವಾಗುತ್ತದೆ. ‘ಟ’ ಎನ್ನುವಾಗ ನಾಲಗೆ ಬಿಡಿಸಿಕೊಳ್ಳುವ ಗಳಿಗೆಯಲ್ಲಿ ಕೆಳಗಿನಿಂದ ಮೇಲಿನವರೆಗೆ ನೆಟ್ಟಗೆ ನಿಂತ ತೆಳು ಗೀಟು. ಜಗತ್ತಿನ ಸದ್ದುಗಳೆಲ್ಲ ಬಹುಪಾಲು ಈ ಮೂರರ ಬೆರಕೆ: ಅಡ್ಡಗೆರೆ, ಹರಡಿದ ಹೊಳಪು, ನೆಟ್ಟನೆಯ ಗೀಟು. ಹಿನ್ನೆಲೆಯ ಸದ್ದು ಮಾಡುವವರು ಮೊದಲ ಎರಡನ್ನು ಉಳಿಸಿಕೊಳ್ಳುತ್ತಾರೆ, ಮೂರನೆಯದನ್ನು ತೆಗೆಯುತ್ತಾರೆ.

ಕಿಟಕಿ ಎಷ್ಟು ಉದ್ದ?

ಇಡೀ ಧ್ವನಿಮುದ್ರಣವನ್ನು ಒಂದೇ ಸಲ ಬಿಡಿಸಿದರೆ ಯಾವ ಆವರ್ತನಗಳಿವೆ ಎಂದು ಗೊತ್ತಾಗುತ್ತದೆ, ಅವು ಯಾವಾಗ ಬಂದವು ಎಂಬುದು ನೇರವಾಗಿ ಕಾಣುವುದಿಲ್ಲ. ಹಾಗಾಗಿ ತಂತ್ರಾಂಶ ಸದ್ದನ್ನು ಚಿಕ್ಕ ತುಣುಕುಗಳಾಗಿ, ಒಂದರ ಮೇಲೊಂದು ಹೊದ್ದುಕೊಳ್ಳುವಂತೆ ಕತ್ತರಿಸಿ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಬಿಡಿಸುತ್ತದೆ. ಈ ತುಣುಕೇ ವಿಂಡೋ, ಅಂದರೆ ಕಿಟಕಿ. ಅದರ ಎರಡೂ ಅಂಚುಗಳನ್ನು ನಿಧಾನಕ್ಕೆ ಮಸುಕುಗೊಳಿಸುವುದರಿಂದ ಮತ್ತೆ ಜೋಡಿಸುವಾಗ ಹೊಲಿಗೆ ಕೇಳಿಸುವುದಿಲ್ಲ.

ಇಲ್ಲಿ ತಪ್ಪಿಸಿಕೊಳ್ಳಲಾಗದ ಒಂದು ಕಟ್ಟುಪಾಡಿದೆ. ಕಿಟಕಿ ಉದ್ದವಾದಷ್ಟೂ ಆವರ್ತನ ಸ್ಪಷ್ಟ, ಕಾಲ ಮಸುಕು. ಕಿಟಕಿ ಗಿಡ್ಡವಾದಷ್ಟೂ ಕಾಲ ಸ್ಪಷ್ಟ, ಆವರ್ತನ ಮಸುಕು. ಸೆಕೆಂಡಿಗೆ 44,100 ಅಳತೆಗಳಿರುವ ಸದ್ದಿನಲ್ಲಿ 4,096 ಅಳತೆಗಳ ಕಿಟಕಿ ಸುಮಾರು 93 ಮಿಲಿಸೆಕೆಂಡ್ ಉದ್ದ. ಅದು ಆವರ್ತನಗಳನ್ನು ಸುಮಾರು 10.8 ಹರ್ಟ್ಸ್‌ಗೊಂದರಂತೆ ವಿಂಗಡಿಸುತ್ತದೆ. 110 ಮತ್ತು 116.5 ಹರ್ಟ್ಸ್‌ನ ಎರಡು ತಗ್ಗು ಸ್ವರಗಳನ್ನು ಅದು ಬೇರೆ ಬೇರೆ ಎಂದು ತೋರಿಸಲಾರದು. 65,536 ಅಳತೆಗಳ ಕಿಟಕಿ ಅವನ್ನು ಸುಲಭವಾಗಿ ಬೇರ್ಪಡಿಸುತ್ತದೆ. ಆದರೆ ಆ ಕಿಟಕಿ ಒಂದೂವರೆ ಸೆಕೆಂಡ್ ಉದ್ದವಿದೆ. ಆ ಒಂದೂವರೆ ಸೆಕೆಂಡಿನೊಳಗೆ ಮೂರು ಸಲ ಚಪ್ಪಾಳೆ ಬಿದ್ದಿದ್ದರೆ ಮೂರೂ ಕಲಸಿಹೋಗುತ್ತವೆ.

ಕ್ಯಾಮೆರಾ ಬಳಸುವವರಿಗೆ ಇದು ಹೊಸದೇನಲ್ಲ. ಶಟರ್ ಅನ್ನು ಕ್ಷಣಮಾತ್ರ ತೆರೆದರೆ ಜಲಪಾತದ ಒಂದೊಂದು ಹನಿಯೂ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ, ಎರಡು ಸೆಕೆಂಡ್ ತೆರೆದಿಟ್ಟರೆ ಅದೇ ನೀರು ಹಾಲುಬಣ್ಣದ ಮಂಜಿನಂತಾಗುತ್ತದೆ. ಧ್ವನಿಯನ್ನು ಶುಚಿಗೊಳಿಸುವವರಿಗೆ ಆ ಮಂಜು ದೋಷ. ವಾತಾವರಣ ಕಟ್ಟುವವರಿಗೆ ಬೇಕಾದದ್ದೇ ಅದು. ಹಾಗಾಗಿ ಕೈಪಿಡಿಗಳು ಹೇಳುವ ‘ಸರಿಯಾದ’ ಅಳತೆಗಿಂತ ಎಷ್ಟೋ ಉದ್ದದ ಕಿಟಕಿಯನ್ನು ಇವರು ಬೇಕೆಂದೇ ಆರಿಸಿಕೊಳ್ಳುತ್ತಾರೆ.

ಬಡಿತಕ್ಕೂ ಮೊರೆತಕ್ಕೂ ಏನು ವ್ಯತ್ಯಾಸ?

ಈ ಇಡೀ ವಿಷಯದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ಎಫ್‌ಎಫ್‌ಟಿ ಪ್ರತಿ ಆವರ್ತನಕ್ಕೂ ಎರಡು ಸಂಗತಿಗಳನ್ನು ಕೊಡುತ್ತದೆ. ಒಂದು, ಅದರ ಬಲ. ಇನ್ನೊಂದು, ಕಿಟಕಿ ಶುರುವಾಗುವ ಗಳಿಗೆಯಲ್ಲಿ ಆ ಅಲೆ ತನ್ನ ಸುತ್ತಿನ ಯಾವ ಹಂತದಲ್ಲಿತ್ತು, ಅಂದರೆ ಶಿಖರದಲ್ಲಿತ್ತೋ, ತಳದಲ್ಲಿತ್ತೋ, ನಡುವೆ ಎಲ್ಲಾದರೂ ಇತ್ತೋ ಎಂಬ ಲೆಕ್ಕ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಪ್ರಾವಸ್ಥೆ ಎಂದು ಹೆಸರು, ತಂತ್ರಾಂಶಗಳಲ್ಲಿ ‘ಫೇಸ್’. ಸ್ಪೆಕ್ಟ್ರೋಗ್ರಾಮ್‌ನಲ್ಲಿ ನಮಗೆ ಕಾಣುವುದು ಬಲ ಮಾತ್ರ. ಪ್ರಾವಸ್ಥೆ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದಲೇ ಅದರ ಮಹತ್ವ ಬಹಳ ಮಂದಿಗೆ ತಿಳಿಯುವುದಿಲ್ಲ.

ಹೀಗೆ ಯೋಚಿಸಿ. ‘ಟಿಕ್’ ಎಂಬ ಒಂದೇ ಒಂದು ಚುರುಕಾದ ಸದ್ದು. ಇನ್ನೊಂದು ಕಡೆ, ಚಾನೆಲ್ ಸಿಗದ ಹಳೆಯ ರೇಡಿಯೋ ಮಾಡುವ ‘ಸೋ’ ಎಂಬ ಎಡೆಬಿಡದ ಸದ್ದು. ಇವೆರಡರಷ್ಟು ಭಿನ್ನವಾದ ಸದ್ದುಗಳನ್ನು ಹುಡುಕುವುದು ಕಷ್ಟ. ಆದರೆ ಆವರ್ತನಗಳ ಬಲವನ್ನಷ್ಟೇ ಅಳೆದರೆ ಆದರ್ಶ ರೂಪದಲ್ಲಿ ಎರಡೂ ಒಂದೇ: ತಗ್ಗಿನಿಂದ ಎತ್ತರದವರೆಗೆ ಎಲ್ಲ ಆವರ್ತನಗಳೂ ಸರಾಸರಿಯಲ್ಲಿ ಸಮಬಲ. ವ್ಯತ್ಯಾಸವಿರುವುದು ಪ್ರಾವಸ್ಥೆಯಲ್ಲಿ ಮಾತ್ರ. ‘ಟಿಕ್’ನಲ್ಲಿ ಎಲ್ಲ ಅಲೆಗಳ ಶಿಖರಗಳೂ ಒಂದೇ ಗಳಿಗೆಯಲ್ಲಿ ಸೇರುತ್ತವೆ, ಉಳಿದ ಹೊತ್ತಿನಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ‘ಸೋ’ ಎಂಬುದರಲ್ಲಿ ಯಾವುದಕ್ಕೂ ಯಾವುದೂ ಹೊಂದುವುದಿಲ್ಲ, ಬಲ ಕಾಲದುದ್ದಕ್ಕೂ ಚೆಲ್ಲಿಹೋಗುತ್ತದೆ.

ಒಂದು ಸದ್ದು ಘಟನೆಯಂತೆ ಕೇಳಿಸಬೇಕೇ, ಇರವಿನಂತೆ ಕೇಳಿಸಬೇಕೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಹೊಂದಾಣಿಕೆ. ಬಲಗಳನ್ನು ಹಾಗೆಯೇ ಉಳಿಸಿ ಪ್ರಾವಸ್ಥೆಗಳನ್ನು ಮನಬಂದಂತೆ ಚೆದುರಿಸಿಬಿಟ್ಟರೆ ಸದ್ದಿನ ಬಣ್ಣ ಉಳಿಯುತ್ತದೆ, ಅದರ ಆರಂಭ ಅಳಿಯುತ್ತದೆ. ಲೋಹ ಲೋಹದಂತೆಯೇ ಕೇಳಿಸುತ್ತದೆ, ಆದರೆ ಯಾರೂ ಅದನ್ನು ಬಡಿದಂತೆ ಕೇಳಿಸುವುದಿಲ್ಲ.

ಬಟ್ಟಲಿನ ಸದ್ದನ್ನು ಹಿಗ್ಗಿಸುವುದು

ಟೇಪ್ ಕಾಲದಲ್ಲಿ ಸದ್ದನ್ನು ನಿಧಾನಗೊಳಿಸಿದರೆ ಶ್ರುತಿಯೂ ಇಳಿಯುತ್ತಿತ್ತು. ವೇಗ ಅರ್ಧವಾದರೆ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಕಾಲವೂ ಆವರ್ತನವೂ ಒಂದಕ್ಕೊಂದು ಅಂಟಿಕೊಂಡಿದ್ದವು. 1966ರಲ್ಲಿ ಬೆಲ್ ಪ್ರಯೋಗಾಲಯದ ಜೇಮ್ಸ್ ಫ್ಲ್ಯಾನಗನ್ ಮತ್ತು ರೋಜರ್ ಗೋಲ್ಡನ್ ವಿವರಿಸಿದ ಫೇಸ್ ವೊಕೋಡರ್ ಈ ಅಂಟನ್ನು ಬಿಡಿಸಿತು. ಕಿಟಕಿಗಳನ್ನು ಹತ್ತಿರ ಹತ್ತಿರ ಇಟ್ಟು ಓದಿ, ಮರುಜೋಡಣೆಯಲ್ಲಿ ದೂರ ದೂರ ಇಟ್ಟರೆ ಕಾಲ ಹಿಗ್ಗುತ್ತದೆ. ಪ್ರತಿ ಕಿಟಕಿಯೊಳಗಿನ ಆವರ್ತನಗಳು ಬದಲಾಗದೆ ಇರುವುದರಿಂದ ಶ್ರುತಿ ಕದಲುವುದಿಲ್ಲ. ಆ ವಿಧಾನದಲ್ಲಿ ಪ್ರಾವಸ್ಥೆಯನ್ನು ಜತನದಿಂದ ಲೆಕ್ಕ ಹಾಕಿ ಮುಂದುವರಿಸಬೇಕು, ಏಕೆಂದರೆ ಉದ್ದೇಶ ಮಾತು ಮಾತಿನಂತೆಯೇ ಉಳಿಯುವುದು.

ಪಾಲ್ ನಾಸ್ಕಾ ರೂಪಿಸಿದ ಪಾಲ್‌ಸ್ಟ್ರೆಚ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ದೊಡ್ಡ ಕಿಟಕಿ ತೆಗೆದುಕೊಳ್ಳುವುದು, ಬಲಗಳನ್ನು ಇಟ್ಟುಕೊಳ್ಳುವುದು, ಪ್ರಾವಸ್ಥೆಗಳನ್ನು ಎಸೆದು ಅವುಗಳ ಜಾಗದಲ್ಲಿ ಯಾದೃಚ್ಛಿಕ ಬೆಲೆಗಳನ್ನು ತುಂಬುವುದು. ಹತ್ತು ಪಟ್ಟೇನು, ನೂರು ಪಟ್ಟು ಹಿಗ್ಗಿಸಿದರೂ ಸದ್ದು ತುಂಡಾಗುವುದಿಲ್ಲ. ಈ ವಿಧಾನ ಉಚಿತ ತಂತ್ರಾಂಶವಾದ ಆಡಾಸಿಟಿಯಲ್ಲಿ ಇದೇ ಹೆಸರಿನ ಎಫೆಕ್ಟ್ ಆಗಿ ಸಿಗುತ್ತದೆ.

ಮಾಡಿ ನೋಡಲು ಒಂದು ಲೋಹದ ಬಟ್ಟಲು ಸಾಕು. ಅದನ್ನು ಮೆತ್ತನೆಯ ಬಟ್ಟೆಯ ಮೇಲಿಟ್ಟು ಚಮಚದಿಂದ ಒಮ್ಮೆ ತಟ್ಟಿ, ಸದ್ದು ಪೂರ್ತಿ ಅಡಗುವವರೆಗೆ ಮುದ್ರಿಸಿಕೊಳ್ಳಿ. ಸ್ಪೆಕ್ಟ್ರೋಗ್ರಾಮ್‌ನಲ್ಲಿ ಮೊದಲು ತಟ್ಟಿದ ಗಳಿಗೆಯ ನೆಟ್ಟನೆಯ ಗೀಟು, ಅದರಿಂದ ಬಲಕ್ಕೆ ಚಾಚಿದ ಕೆಲವು ಅಡ್ಡಗೆರೆಗಳು. ಕೊರಳಿನ ಗೆರೆಗಳಂತೆ ಇವು ಸಮಾನ ಅಂತರದಲ್ಲಿರುವುದಿಲ್ಲ. ಲೋಹದ ‘ಠಣ್’ ಎಂಬ ಗುಣ ಬರುವುದು ಈ ಏರುಪೇರಿನಿಂದಲೇ. ಸಾಮಾನ್ಯವಾಗಿ ಮೇಲಿನ ಗೆರೆಗಳು ಬೇಗ ಆರಿ ಕೆಳಗಿನವು ಕೊನೆಯವರೆಗೆ ಉಳಿಯುತ್ತವೆ.

ಆಡಾಸಿಟಿಯ ಪಾಲ್‌ಸ್ಟ್ರೆಚ್ ಎರಡೇ ಅಂಕಿ ಕೇಳುತ್ತದೆ. ಎಷ್ಟು ಪಟ್ಟು ಹಿಗ್ಗಿಸಬೇಕು ಎಂಬಲ್ಲಿ 10, ಕಾಲದ ಅಳತೆ ಎಂಬಲ್ಲಿ 0.25 ಸೆಕೆಂಡ್ ಎಂದು ಮೊದಲೇ ತುಂಬಿರುತ್ತದೆ. ಹಾಗೆಯೇ ಬಿಟ್ಟರೆ ಮೂರು ಸೆಕೆಂಡಿನ ಸದ್ದು ಅರ್ಧ ನಿಮಿಷವಾಗುತ್ತದೆ. ಎರಡನೆಯ ಅಂಕಿಯೇ ಕಿಟಕಿಯ ಉದ್ದವನ್ನು ನಿರ್ಧರಿಸುವುದು, ಮತ್ತು ಹೆಚ್ಚಿನ ಗಮನ ಕೊಡಬೇಕಾದದ್ದು ಅದಕ್ಕೇ. ಕಾರಣ ಹೇಳುತ್ತೇನೆ. ಬಟ್ಟಲು ಅಚ್ಚುಕಟ್ಟಾಗಿ ಗುಂಡಗಿರುವುದಿಲ್ಲವಾದ್ದರಿಂದ ಒಂದು ಗೆರೆ ಇರಬೇಕಾದ ಕಡೆ ತೀರ ಹತ್ತಿರದ ಎರಡು ಗೆರೆಗಳಿರುತ್ತವೆ, 640 ಮತ್ತು 642 ಹರ್ಟ್ಸ್ ಎಂದಿಟ್ಟುಕೊಳ್ಳಿ. ಇವೆರಡೂ ಸೇರಿ ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುವ ಅಲುಗಾಟ ಹುಟ್ಟುತ್ತದೆ. 0.25 ಸೆಕೆಂಡಿನ ಕಿಟಕಿ ಇವೆರಡನ್ನು ಬೇರೆ ಗೆರೆಗಳೆಂದು ಕಾಣಲಾರದು, ಅದಕ್ಕೆ ಕಾಣುವುದು ಬಲ ಏರಿಳಿಯುವ ಒಂದೇ ಗೆರೆ. ಹತ್ತು ಪಟ್ಟು ಹಿಗ್ಗಿಸಿದಾಗ ಆ ಏರಿಳಿತವೂ ಹಿಗ್ಗಿ ಸುಮಾರು ಐದು ಸೆಕೆಂಡಿಗೊಮ್ಮೆ ಬರುವ ನಿಧಾನದ ಉಬ್ಬರವಾಗುತ್ತದೆ. ಅದೇ ಎರಡು ಸೆಕೆಂಡಿನ ಕಿಟಕಿ ಇಟ್ಟರೆ ತಂತ್ರಾಂಶ ಎರಡೂ ಗೆರೆಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಅವುಗಳ ಆವರ್ತನವನ್ನು ಉಳಿಸುತ್ತದೆ, ಆಗ ಅಲುಗಾಟ ಮೊದಲಿನ ವೇಗದ ಆಸುಪಾಸಿನಲ್ಲೇ ಇರುತ್ತದೆ. ಬಟ್ಟಲು ಒಂದೇ, ಹಿಗ್ಗಿಸಿದ್ದೂ ಅಷ್ಟೇ. ಕಿಟಕಿಯೊಂದು ಬದಲಾದದ್ದಕ್ಕೆ ಒಂದು ಕಡೆ ಉಸಿರಾಡುವ ಕತ್ತಲು, ಇನ್ನೊಂದು ಕಡೆ ಮಿನುಗುವ ಗಾಜಿನಂಥ ಸದ್ದು. ಅಂದಾಜಿನ ಮೇಲೆ ಗುಂಡಿ ತಿರುಗಿಸುವವರಿಗೆ ಫಲಿತಾಂಶ ಕೈಗೆ ಸಿಗದಿರುವುದು ಇಂಥ ಕಡೆಗಳಲ್ಲೇ.

ಎಲ್ಲ ಸದ್ದೂ ಹಿಗ್ಗಿಸಿದಾಗ ಸೊಗಸಾಗುತ್ತದೆ ಎಂದಲ್ಲ. ಮಳೆಯನ್ನು ಹಿಗ್ಗಿಸಿದರೆ ಮಳೆ ಸಿಗುವುದಿಲ್ಲ, ನಿರ್ಭಾವದ ಗಾಳಿಯಂಥ ಶಬ್ದ ಸಿಗುತ್ತದೆ. ಮಳೆಯ ಗುರುತು ಇರುವುದೇ ಹನಿಗಳು ಬೀಳುವ ಬಿಡಿ ಗಳಿಗೆಗಳಲ್ಲಿ, ಅವು ಹೋದರೆ ಉಳಿಯುವುದು ಹರಡಿದ ಹೊಳಪು ಮಾತ್ರ. ಗೆರೆಗಳು ಗಟ್ಟಿಯಾಗಿರುವ ಸದ್ದುಗಳು, ಅಂದರೆ ಗಂಟೆ, ತಂತಿ, ಎಳೆದು ಹಾಡಿದ ಸ್ವರ, ಕಿರುಗುಟ್ಟುವ ಬಾಗಿಲು ಇದಕ್ಕೆ ಹೆಚ್ಚು ಒಗ್ಗುತ್ತವೆ. ನನಗೆ ಬಾಗಿಲಿನ ಕಿರುಗುಟ್ಟುವಿಕೆ ಬಹಳ ಇಷ್ಟ. ಅದರ ಶ್ರುತಿ ಜಾರುತ್ತಾ ಹೋಗುವುದರಿಂದ ಹಿಗ್ಗಿಸಿದಾಗ ಒಂದು ದೂರದ ರಾಗಾಲಾಪದಂತೆ ಕೇಳಿಸುತ್ತದೆ.

ಹಿಗ್ಗಿಸುವುದರಾಚೆ

ಒಂದೇ ಕಿಟಕಿಯನ್ನು ಹಿಡಿದು ಅದರ ಬಲಗಳನ್ನೇ ಹೊಸ ಹೊಸ ಪ್ರಾವಸ್ಥೆಗಳೊಂದಿಗೆ ಮತ್ತೆ ಮತ್ತೆ ನುಡಿಸಿದರೆ ಅದು ಫ್ರೀಜ್, ಒಂದು ಕ್ಷಣವನ್ನು ಬೇಕಾದಷ್ಟು ಹೊತ್ತು ನಿಲ್ಲಿಸುವುದು. ಅಕ್ಕಪಕ್ಕದ ಕಿಟಕಿಗಳ ಬಲಗಳನ್ನು ಒಂದರೊಳಗೊಂದು ಬೆರೆಸಿದರೆ ಬ್ಲರ್. ಸದ್ದಿನ ಉದ್ದ ಅಷ್ಟೇ ಇರುತ್ತದೆ, ಒಳಗಿನ ಅಂಚುಗಳು ಕರಗುತ್ತವೆ. ಮಾತಿನ ಮೇಲೆ ಬ್ಲರ್ ಹಾಕಿದರೆ ಪದಗಳು ಕಳೆದು ಯಾರೋ ಏನೋ ಹೇಳುತ್ತಿದ್ದಾರೆ ಎಂಬ ಭಾಸ ಉಳಿಯುತ್ತದೆ.

ಒಂದು ಸದ್ದಿನ ಬಲಗಳ ಆಕಾರವನ್ನು ಇನ್ನೊಂದರ ಮೇಲೆ ಹೊದಿಸುವುದು ಕ್ರಾಸ್ ಸಿಂಥೆಸಿಸ್. ಗಾಳಿಯ ಸದ್ದಿಗೆ ಮನುಷ್ಯರ ಮಾತಿನ ಆಕಾರ ಕೊಟ್ಟರೆ ಗಾಳಿಯೇ ಪಿಸುಗುಟ್ಟುತ್ತದೆ. ಇದರ ಬೇರು ಹೋಮರ್ ಡಡ್ಲಿ 1930ರ ದಶಕದಲ್ಲಿ ದೂರವಾಣಿಗಾಗಿ ರೂಪಿಸಿದ ವೊಕೋಡರ್‌ನಲ್ಲಿದೆ.

ಆವರ್ತನ ಸರಿಸುವುದು ಇನ್ನೊಂದು ಬಗೆ, ಶ್ರುತಿ ಏರಿಸುವುದರೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಶ್ರುತಿ ಏರಿಸುವಾಗ ಪ್ರತಿ ಗೆರೆಯನ್ನೂ ಒಂದೇ ಸಂಖ್ಯೆಯಿಂದ ಗುಣಿಸಲಾಗುತ್ತದೆ, ಸಂಬಂಧ ಕೆಡುವುದಿಲ್ಲ. ಸರಿಸುವಾಗ ಪ್ರತಿ ಗೆರೆಗೂ ಒಂದೇ ಸಂಖ್ಯೆಯನ್ನು ಕೂಡಿಸಲಾಗುತ್ತದೆ. 200, 400, 600 ಇದ್ದದ್ದು 50 ಕೂಡಿಸಿದಾಗ 250, 450, 650 ಆಗುತ್ತದೆ. ಒಂದಕ್ಕೆರಡು, ಒಂದಕ್ಕೆ ಮೂರು ಎಂಬ ಅನುಪಾತ ಮುರಿದುಬಿದ್ದು, ಹಾಡುವ ಕೊರಳಿಗೆ ಲೋಹದ ಸ್ವಭಾವ ಬರುತ್ತದೆ.

ಇಂಥ ಉಪಾಯಗಳ ದೊಡ್ಡ ಭಂಡಾರ ಇಂಗ್ಲೆಂಡಿನಲ್ಲಿ 1986ರಲ್ಲಿ ಆರಂಭವಾದ ಕಂಪೋಸರ್ಸ್ ಡೆಸ್ಕ್‌ಟಾಪ್ ಪ್ರಾಜೆಕ್ಟ್. ಸಂಗೀತಗಾರ ಟ್ರೆವರ್ ವಿಶಾರ್ಟ್ ಅದನ್ನು ಬೆಳೆಸಿದವರಲ್ಲಿ ಪ್ರಮುಖರು. ಮೈಕೆಲ್ ಕ್ಲಿಂಗ್‌ಬೈಲ್ ರಚಿಸಿದ ಸ್ಪಿಯರ್ ತಂತ್ರಾಂಶದಲ್ಲಿ ಸದ್ದಿನ ಪ್ರತಿ ಗೆರೆಯೂ ಪ್ರತ್ಯೇಕವಾಗಿ ಕಾಣಿಸುತ್ತದೆ. ಬೇಕಾದದ್ದನ್ನು ಹಿಡಿದೆಳೆಯಬಹುದು, ಬೇಡವಾದದ್ದನ್ನು ಅಳಿಸಬಹುದು. ಬಟ್ಟಲಿನ ಸದ್ದನ್ನು ಇದರಲ್ಲಿ ತೆರೆದು ಅತಿ ಕೆಳಗಿನ ಗೆರೆಯೊಂದನ್ನು ತೆಗೆದುಹಾಕಿ ಕೇಳಿದರೆ ಸದ್ದಿಗೆ ನೆಲೆ ತಪ್ಪಿದಂತಾಗುತ್ತದೆ. ನೆಲೆಯಿಲ್ಲದ ಸದ್ದು ಕೇಳುವವರಲ್ಲಿ ಅನಿಶ್ಚಯ ಹುಟ್ಟಿಸುತ್ತದೆ, ಕಾರಿಡಾರ್‌ನಂಥ ದೃಶ್ಯಗಳಿಗೆ ಇದು ಹೇಳಿ ಮಾಡಿಸಿದ ಉಪಾಯ.

ಚಿತ್ರ ಬರೆದು ಕೇಳುವುದು

ಸ್ಪೆಕ್ಟ್ರೋಗ್ರಾಮ್ ಒಂದು ಚಿತ್ರವಾದರೆ ಚಿತ್ರವನ್ನೇ ಬರೆದು ಸದ್ದು ಪಡೆಯಬಹುದಲ್ಲವೇ? ಕಂಪ್ಯೂಟರ್ ಕೈಗೆಟುಕುವ ಎಷ್ಟೋ ಮೊದಲೇ ಇದು ಆಗಿಹೋಗಿದೆ. ಸೋವಿಯತ್ ಎಂಜಿನಿಯರ್ ಎವ್ಗೆನಿ ಮುರ್ಜಿನ್ 1950ರ ದಶಕದ ಕೊನೆಯ ವೇಳೆಗೆ ಪೂರ್ಣಗೊಳಿಸಿದ ಎಎನ್‌ಎಸ್ ಯಂತ್ರದಲ್ಲಿ ತಿರುಗುವ ಗಾಜಿನ ತಟ್ಟೆಗಳ ಮೂಲಕ ಹಾದ ಬೆಳಕು 720 ಶುದ್ಧ ಸ್ವರಗಳನ್ನು ಒದಗಿಸುತ್ತಿತ್ತು. ಕಪ್ಪು ಲೇಪ ಬಳಿದ ಗಾಜಿನ ಫಲಕದ ಮೇಲೆ ಎಲ್ಲಿ ಗೀಚಿದರೆ ಅಲ್ಲಿಂದ ಬೆಳಕು ತೂರಿ ಆ ಎತ್ತರದ ಸ್ವರ ನುಡಿಯುತ್ತಿತ್ತು. ಒಂದು ಸ್ಥಾಯಿಯನ್ನು 72 ಭಾಗ ಮಾಡಿದ್ದರಿಂದ ಸ್ವರಗಳು ಮೆಟ್ಟಿಲಿಲ್ಲದೆ ಜಾರಿದಂತೆ ಕೇಳಿಸುತ್ತಿದ್ದವು. ಎಡ್ವರ್ಡ್ ಆರ್ತೆಮ್ಯೆವ್ 1972ರ ‘ಸೋಲಾರಿಸ್’ ಚಿತ್ರದ ಧ್ವನಿಗೆ ಈ ಯಂತ್ರವನ್ನು ಬಳಸಿಕೊಂಡರು. 1977ರಲ್ಲಿ ಪ್ಯಾರಿಸ್‌ನಲ್ಲಿ ಯಾನಿಸ್ ಕ್ಸೆನಾಕಿಸ್ ಅವರ ತಂಡ ಯುಪಿಕ್ ಎಂಬ ವ್ಯವಸ್ಥೆಯಲ್ಲಿ ಇದೇ ಆಸೆಯನ್ನು ಕಂಪ್ಯೂಟರ್‌ಗೆ ತಂದಿತು. ಈಗ ವರ್ಚುವಲ್ ಎಎನ್‌ಎಸ್ ಎಂಬ ತಂತ್ರಾಂಶದಲ್ಲಿ ಬೆರಳಿನಿಂದ ಗೀಚಿ ಮೊಬೈಲ್‌ನಲ್ಲೇ ಇದನ್ನು ಮಾಡಬಹುದು. ನೆನಪಿಡಬೇಕಾದದ್ದು ಇಷ್ಟು: ಚೆಂದದ ಚಿತ್ರ ಚೆಂದವಾಗಿ ಕೇಳಿಸಬೇಕೆಂದಿಲ್ಲ. ಮುಖದ ಚಿತ್ರ ಹಾಕಿದರೆ ಬರುವುದು ಹೆಚ್ಚಾಗಿ ಕರ್ಕಶ ಸದ್ದು. ತೆಳು ಅಡ್ಡಗೆರೆಗಳು, ಅವುಗಳ ನಡುವೆ ಖಾಲಿ ಜಾಗ ಇದ್ದರೆ ಕಿವಿಗೆ ಹಿತ.

ಕೆಡುವುದು ಎಲ್ಲಿ, ಮುಗಿಸುವುದು ಹೇಗೆ

ಮೂಲ ಮುದ್ರಣದಲ್ಲಿ ಫ್ಯಾನಿನ ಸದ್ದಿದ್ದರೆ ಅದೂ ಹತ್ತು ಪಟ್ಟು ಹಿಗ್ಗುತ್ತದೆ. ಅದನ್ನು ತೆಗೆಯಲು ಬಲ ಕಡಿಮೆಯಿರುವ ಆವರ್ತನಗಳನ್ನೆಲ್ಲ ಅಳಿಸಲು ಹೊರಟರೆ ಇನ್ನೊಂದು ಕಾಟ ಶುರು. ಗಡಿಯ ಮೇಲಿರುವ ಆವರ್ತನಗಳು ಒಂದು ಕಿಟಕಿಯಲ್ಲಿ ಉಳಿದು ಮುಂದಿನದರಲ್ಲಿ ಮಾಯವಾಗಿ, ಹಕ್ಕಿ ಚಿಲಿಪಿಲಿಗುಟ್ಟಿದಂಥ ಅಥವಾ ನೀರು ಗುಳುಗುಳಿಸಿದಂಥ ಕೃತಕ ಸದ್ದು ಕೇಳಿಸುತ್ತದೆ. ಅಳಿಸುವ ಪ್ರಮಾಣ ತಗ್ಗಿಸುವುದು ಇದಕ್ಕೆ ಮದ್ದು, ಮೊದಲೇ ನಿಶ್ಶಬ್ದವಾದ ಕೋಣೆಯಲ್ಲಿ ಮುದ್ರಿಸುವುದು ಇನ್ನೂ ಉತ್ತಮ.

ತಯಾರಾದ ಮೊರೆತದಲ್ಲಿ 30-40 ಹರ್ಟ್ಸ್‌ಗಿಂತ ಕೆಳಗಿನ ಭಾಗವನ್ನು ಕತ್ತರಿಸಿ. ಸಾಮಾನ್ಯ ಸ್ಪೀಕರ್‌ಗಳಲ್ಲಿ ಅದು ಕೇಳಿಸುವುದೇ ಇಲ್ಲ, ಸುಮ್ಮನೆ ಬಲ ತಿನ್ನುತ್ತದೆ. ಮೇಲೆ ಮಾತು ಬರುವುದಿದ್ದರೆ 1,000ರಿಂದ 4,000 ಹರ್ಟ್ಸ್‌ವರೆಗಿನ ಭಾಗವನ್ನು ತುಸು ತಗ್ಗಿಸಿ, ಪದಗಳು ಸ್ಪಷ್ಟವಾಗಲು ಕಿವಿ ಹೆಚ್ಚಾಗಿ ನೆಚ್ಚಿಕೊಳ್ಳುವ ಭಾಗ ಅದು. ಎಡ, ಬಲ ಎರಡೂ ಕಡೆಗೆ ಬೇರೆ ಬೇರೆ ಪ್ರಾವಸ್ಥೆಗಳನ್ನು ಚೆದುರಿಸಿದಾಗ ಹೆಡ್‌ಫೋನಿನಲ್ಲಿ ಸದ್ದು ತಲೆಯ ಸುತ್ತ ವಿಶಾಲವಾಗಿ ಹರಡಿದಂತೆ ಕೇಳಿಸುತ್ತದೆ. ಒಂದೇ ಸ್ಪೀಕರ್‌ನಲ್ಲಿ ಆ ವಿಸ್ತಾರ ಇರುವುದಿಲ್ಲ, ಆದ್ದರಿಂದ ಎರಡರಲ್ಲೂ ಕೇಳಿ ನೋಡಬೇಕು.

ಗೇಮ್‌ಗಳಲ್ಲಿ ಈ ಸದ್ದು ಕೊನೆಯಿಲ್ಲದೆ ಸುತ್ತುತ್ತಿರಬೇಕಾಗುತ್ತದೆ. ಕೊನೆಯ ಕೆಲವು ಸೆಕೆಂಡುಗಳನ್ನು ಆರಂಭದ ಮೇಲೆ ಹೊದಿಸಿ, ಒಂದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸಿದರೆ ಹೊಲಿಗೆ ಕಾಣುವುದಿಲ್ಲ. ಆದರೆ ಎರಡನ್ನೂ ನೇರ ಗೆರೆಯಲ್ಲಿ ಏರಿಳಿಸಿದರೆ ನಡುವೆ ಸದ್ದು ಸುಮಾರು 3 ಡೆಸಿಬೆಲ್‌ನಷ್ಟು ಕುಸಿಯುತ್ತದೆ. ಪ್ರಾವಸ್ಥೆಗಳು ಚೆದುರಿರುವುದರಿಂದ ಎರಡು ತುದಿಗಳ ಅಲೆಗಳು ಒಂದಕ್ಕೊಂದು ಹೊಂದುವುದಿಲ್ಲ, ಅರ್ಧಕ್ಕೆ ಅರ್ಧ ಕೂಡಿದರೆ ಪೂರ್ತಿಯಾಗುವುದಿಲ್ಲ. ಕ್ರಾಸ್‌ಫೇಡ್ ಆಯ್ಕೆಗಳಲ್ಲಿ ‘ಕಾನ್‌ಸ್ಟಂಟ್ ಪವರ್’ ಎಂದಿರುವುದನ್ನು ಆರಿಸಿದರೆ ನಡುಬಿಂದುವಿನಲ್ಲಿ ಎರಡೂ ತುದಿಗಳು 0.5ರ ಬದಲು ಸುಮಾರು 0.7ರಷ್ಟು ಉಳಿಯುತ್ತವೆ, ಮಟ್ಟ ಕುಸಿಯುವುದಿಲ್ಲ.